ನಾದಿನಿಯನ್ನು ಅಚ್ಚಗನ್ನಡಕ್ಕೆ ಕೊಟ್ಟದ್ದು

ನಾನು ಹುಮನಾಬಾದಿನ ಹುಡುಗಿ. ಕಲ್ಯಾಣಿಯ ಒಂದು ಅರಿವೆ ಅಂಗಡಿಯವರ ಮನೆಗೆ ಸೊಸೆಯಾಗಿ ಹೋದೆ. ವರ್ಷ ತುಂಬುವುದರೊಳಗೆ ಕಲ್ಯಾಣಿ ಬಸವಕಲ್ಯಾಣವಾಯಿತು, ಹೈದರಾಬಾದ್ ರಾಜ್ಯ ಮೂರು ತುಂಡಾಯಿತು, ನಾವು ಮೈಸೂರು ರಾಜ್ಯದವರಾದೆವು. ಇಷ್ಟೆಲ್ಲ ಆದಾಗ ನಾನು ಒಲೆಯ ಮುಂದಿನಿಂದ ಎದ್ದಿರಲಿಲ್ಲ.

ಮನೆಯಲ್ಲಿ ಮಾವ, ಅತ್ತೆ, ಭಾವ, ನನ್ನ ಗಂಡ, ಮದುವೆಯ ವಯಸ್ಸಿಗೆ ಬಂದಿದ್ದ ನಾದಿನಿ. ಭಾವನವರ ಹೆಂಡತಿ ತೀರಿಕೊಂಡಿದ್ದರು, ಮಕ್ಕಳಿರಲಿಲ್ಲ. ಮಾವನವರು ಒಬ್ಬ ಜಾಗೀರದಾರರ ಕಚೇರಿಯಲ್ಲಿ ಗುಮಾಸ್ತರಾಗಿದ್ದವರು. ಜಾಗೀರು ಹೋಗಿ, ನಿಜಾಮರ ಆಳ್ವಿಕೆ ಹೋಗಿ ಎಷ್ಟೋ ವರ್ಷಗಳಾಗಿದ್ದವು. ಮಾವನವರಿಗೆ ಆ ಸುದ್ದಿ ಗೊತ್ತಿತ್ತು, ಒಪ್ಪಿಗೆ ಇರಲಿಲ್ಲ. ದಿನಾ ಬೆಳಿಗ್ಗೆ ಶೇರ್ವಾನಿಯ ಗುಂಡಿಗಳನ್ನೆಲ್ಲ ಹಾಕಿಕೊಂಡು ಕಟ್ಟೆಯ ಮೇಲೆ ಬಂದು ಕೂಡುತ್ತಿದ್ದರು, ಹೋದ ಕಚೇರಿ ತಮ್ಮನ್ನು ಹುಡುಕಿಕೊಂಡು ಮನೆಗೇ ಬರಬಹುದು ಎಂಬಂತೆ.

ನಾವು ಆಡುತ್ತಿದ್ದ ಮಾತಿಗೆ ಅದುವರೆಗೆ ಯಾರೂ ಹೆಸರಿಟ್ಟಿರಲಿಲ್ಲ. ದೇವರ ಮುಂದೆ ಕನ್ನಡ, ವ್ಯಾಪಾರಕ್ಕೆ ಮರಾಠಿ, ಸರಕಾರಕ್ಕೆ ಉರ್ದು, ಬೈಯಲು ಮೂರೂ. ರಾಜ್ಯ ಒಡೆಯುವ ಸುದ್ದಿ ಬಂದದ್ದೇ ತಡ, ತಮಗೊಂದು ಜನಾಂಗವಿದೆ ಎಂದು ಎಲ್ಲರಿಗೂ ಒಮ್ಮೆಲೇ ಗೊತ್ತಾಯಿತು. ಅದಕ್ಕಿಂತ ಮೊದಲು ಹೊಟ್ಟೆ ಮಾತ್ರ ಇತ್ತು.

ಭಾವನವರು ಕಲಬುರಗಿಗೆ ಬಟ್ಟೆಯ ಥಾನು ತರಲು ಹೋದವರು ಅಲ್ಲೊಂದು ಸಭೆಯಲ್ಲಿ ಕೂತು, ಥಾನು ಮರೆತು, ಒಂದು ಜನಾಂಗವನ್ನು ಹೊತ್ತುಕೊಂಡು ಬಂದರು. ಬಂದವರೇ ಅಂಗಳದಲ್ಲಿ ನಿಂತು, "ಅಪ್ಪಾ, ನಾವು ಕನ್ನಡಿಗರು" ಎಂದರು.

"ಆಗಲಿ. ಥಾನು ಎಲ್ಲಿ?" ಎಂದು ಮಾವನವರು ಕೇಳಿದರು.

ನನ್ನ ಗಂಡ ಲಾತೂರಿನಲ್ಲಿ ಸೋದರಮಾವನ ಮನೆಯಲ್ಲಿದ್ದು ಮರಾಠಿ ಶಾಲೆ ಕಲಿತವರು. ಅಣ್ಣನಿಗೆ ಒಂದು ಜನಾಂಗ ಸಿಕ್ಕಮೇಲೆ ತಮಗೂ ಒಂದು ಇರಲೇಬೇಕು ಎನ್ನಿಸಿತು. ಮುಂದಿನ ಸಂತೆಯ ಹೊತ್ತಿಗೆ ಅವರು ಪಕ್ಕಾ ಮರಾಠಿಗರಾಗಿದ್ದರು. ಅಂಗಡಿ ಒಂದೇ, ಗಾದಿ ಒಂದೇ, ಗಾದಿಯ ಈ ತುದಿಗೆ ಕನ್ನಡನಾಡು, ಆ ತುದಿಗೆ ಮಹಾರಾಷ್ಟ್ರ. ನಡುವೆ ಕತ್ತರಿ ಮತ್ತು ಅಳತೆಗೋಲು. ಮಾವನವರು ಇಬ್ಬರನ್ನೂ ನೋಡಿ ಅತ್ತೆಯನ್ನು ಕೇಳಿದರು, "ಒಂದ ಹೊಟ್ಟ್ಯಾಗ ಹುಟ್ಟಿದವ್ರು ಎರಡು ಕೌಮಿನವ್ರು ಹ್ಯಾಂಗಾದ್ರ? ನಿನಗೇನರ ಗೊತ್ತದೇನು?"

ಭಾವನವರು ಮೊದಲು ಮನೆಯ ಮಾತನ್ನು ಶುದ್ಧಿ ಮಾಡಲು ಹೊರಟರು. ಪರಭಾಷೆಯ ಶಬ್ದಗಳನ್ನು ಹೊಸ್ತಿಲ ಹೊರಗೆ ಬಿಟ್ಟು ಬರಬೇಕೆಂದು ಅಪ್ಪಣೆಯಾಯಿತು. ಆದರೆ ಅಪ್ಪಣೆ ಕೊಡುವಾಗ ಅವರೇ "ಖಬರ್‌ದಾರ್" ಎಂದದ್ದರಿಂದ ನಾದಿನಿ ಸೆರಗಿನಲ್ಲಿ ಬಾಯಿ ಮುಚ್ಚಿಕೊಂಡು ಒಳಗೆ ಓಡಿಬಂದಳು. ನಾನು ಸೊಸೆ, ಭಾವನೆದುರು ಬಾಯಿ ಬಿಡುವಂತಿರಲಿಲ್ಲ, ಅಡುಗೆಮನೆಯ ಬಾಗಿಲ ಹಿಂದೆ ನಿಂತು ಕೇಳುವುದಷ್ಟೇ ನನ್ನ ಪಾಲು. ನಗು ತಡೆದು ತಡೆದು ಹೊಟ್ಟೆ ಹುಣ್ಣಾಗುತ್ತಿತ್ತು.

ಒಂದು ದಿನ ಭಾವನವರು ಅಂಗಡಿಗೆ ಹೊರಟವರು, "ಅವ್ವಾ, ಬೀಗದ ಕೈ ಕೊಡು" ಎಂದರು. ಅಲ್ಲಿಯವರೆಗೆ ಅದನ್ನು ಚಾವಿ ಎನ್ನುತ್ತಿದ್ದೆವು.

ಅತ್ತೆ ಬೇಳೆ ಆರಿಸುತ್ತಿದ್ದವರು ತಲೆಯೆತ್ತಿ, "ಬೀಗರ ಕೈ ತಗೊಂಡು ಏನು ಮಾಡಾಂವ ನೀ?" ಎಂದರು.

"ಬೀಗರದಲ್ಲ, ಬೀಗದ್ದು!"

"ಬೀಗಕ್ಕ ಎಲ್ಲಿ ಕೈ ಬರ್ತದೋ? ಸುಮ್ನ ಚಾವಿ ಒಯ್ದು ಅಂಗಡಿ ತಗಿ. ಗಿರಾಕಿ ನಿಂತಾರ."

ಅಂಗಡಿಯಲ್ಲೂ ಇದೇ ಪಾಡು. ಮುಡಬಿಯಿಂದ ಬಂದ ಹೆಂಗಸೊಬ್ಬಳು ಸೀರೆ ಸಸ್ತಾ ಮಾಡಿ ಕೊಡಿ ಎಂದಳಂತೆ. ಭಾವನವರು, "ಸಸ್ತಾ ಅನಬಾರದು ತಾಯಿ, ಅಗ್ಗ ಅನ್ನು" ಎಂದು ಪಾಠ ಹೇಳಿದರು. ಅವಳು, "ಹಗ್ಗ ಮನ್ಯಾಗ ಬೇಕಾದಷ್ಟದ ಯಣ್ಣಾ, ನನಗ ಸೀರಿ ಬೇಕು" ಎಂದು ಎದ್ದು ಪಕ್ಕದ ಅಂಗಡಿಗೆ ಹೋದಳು. ಪಕ್ಕದ ಅಂಗಡಿಯವನಿಗೆ ಆ ವರ್ಷ ಜನಾಂಗ ಇರಲಿಲ್ಲ, ವ್ಯಾಪಾರ ಚೆನ್ನಾಗಿ ಆಯಿತು.

ಐವತ್ತಾರರ ನವೆಂಬರ್ ಒಂದರಂದು ಕೋಟೆಯ ಹತ್ತಿರದ ಬಯಲಿನಲ್ಲಿ ಸಭೆ. ಭಾವನವರ ಭಾಷಣವೂ ಇತ್ತು. ಅವರು ಕಲಿತದ್ದು ನಿಜಾಮರ ಕಾಲದ ಉರ್ದು ಶಾಲೆಯಲ್ಲಿ. ಕನ್ನಡ ಅಕ್ಷರಗಳ ಪರಿಚಯ, ದಾರಿಯಲ್ಲಿ ಎದುರಾದ ದೂರದ ನೆಂಟರನ್ನು ಗುರುತಿಸುವಷ್ಟು ಮಾತ್ರ. ಹಾಗಾಗಿ ಕನ್ನಡದ ಭಾಷಣವನ್ನು ಉರ್ದು ಅಕ್ಷರಗಳಲ್ಲಿ ಬರೆದುಕೊಂಡು ಹೋಗಿದ್ದರು. ವೇದಿಕೆಯ ಮೇಲೆ ಧಾರವಾಡದಿಂದ ಬಂದ ಅತಿಥಿಯೊಬ್ಬರು ಪಕ್ಕದಲ್ಲೇ ಕೂತಿದ್ದರು. ಭಾವನವರ ಕಣ್ಣು ಕಾಗದದ ಮೇಲೆ ಬಲದಿಂದ ಎಡಕ್ಕೆ ಓಡುವುದನ್ನು ಕಂಡು ಬಗ್ಗಿ, "ಇದ್ಯಾವ ಭಾಷಾರೀ?" ಎಂದು ಕೇಳಿದರು.

"ಕನ್ನಡಾನ ಅದರೀ. ಬರದದ್ದಷ್ಟ ಉರ್ದು" ಎಂದರು ಭಾವನವರು. ಮುಂದಿನ ಸಾಲಿನಲ್ಲಿದ್ದ ನಮಗೆಲ್ಲ ಕೇಳಿಸಿತು.

ಭಾಷಣ ಆರಂಭವಾಗಬೇಕಿದ್ದದ್ದು "ಕನ್ನಡದ ಹುಲಿಗಳೇ" ಎಂದು. ಅವಸರದಲ್ಲಿ ಬರೆದ ಉರ್ದುವಿನಲ್ಲಿ ಹುಲಿಯೂ ಹಳ್ಳಿಯೂ ಹೆಚ್ಚು ಕಡಿಮೆ ಒಂದೇ ಥರ ಕಾಣುತ್ತವಂತೆ. ಭಾವನವರು ಎದೆ ಸೆಟೆಸಿ, "ಕನ್ನಡದ ಹಳ್ಳಿಗಳೇ!" ಎಂದು ಕೂಗಿದರು. ನಾರಾಯಣಪುರದಿಂದ, ಮೋರಖಂಡಿಯಿಂದ ಬಂಡಿ ಕಟ್ಟಿಕೊಂಡು ಬಂದಿದ್ದವರು, ಇಷ್ಟು ದಿನಕ್ಕೆ ಒಬ್ಬನಾದರೂ ನಮ್ಮನ್ನು ಕರೆದು ಮಾತಾಡಿಸಿದನಲ್ಲ ಎಂದು ಬಿದ್ದುಬಿದ್ದು ಚಪ್ಪಾಳೆ ತಟ್ಟಿದರು. ಮನೆಗೆ ಬಂದಮೇಲೆ ಮಾವನವರು ಕಾಗದ ಇಸಿದುಕೊಂಡು ನೋಡಿ, ತಪ್ಪು ತಿದ್ದಿಕೊಟ್ಟರು. ಕನ್ನಡದ್ದಲ್ಲ, ಉರ್ದುವಿನದು.

ಇಲ್ಲಿಯವರೆಗಿನದು ನಗುವ ಮಾತು. ಮುಂದೆ ಇದೇ ಜನಾಂಗದ ಗಾಳಿ ನಾದಿನಿಯ ಮದುವೆಯ ಕಡೆ ತಿರುಗಿತು.

ಉದಗೀರದ ಕಡೆಯ ಒಬ್ಬ ಹುಡುಗ ಇದ್ದ. ಅತ್ತೆಯ ತವರಿನ ಪೈಕಿ, ಅಲ್ಲೇ ಶಾಲೆಯಲ್ಲಿ ಮಾಸ್ತರ. ಮನೆಯಲ್ಲಿ ನಮ್ಮಂತೆಯೇ ಕನ್ನಡ, ಬೀದಿಗೆ ಹೋದರೆ ಮರಾಠಿ. ಬಂದಾಗಲೆಲ್ಲ ಮಾವನವರ ಪಕ್ಕದಲ್ಲಿ ಕೂತು ಜಾಗೀರದಾರರ ಹಳೆಯ ಕಥೆಗಳನ್ನು ಮೊದಲ ಸಲ ಕೇಳುವವನಂತೆ ಕೇಳುತ್ತಿದ್ದ. ನಾದಿನಿ ನಗುವಾಗ ಬಾಯಿಗೆ ಕೈ ಅಡ್ಡ ಹಿಡಿಯುವ ಪೈಕಿ ಅಲ್ಲ, ಅವನೆದುರು ಮಾತ್ರ ಹಿಡಿಯತೊಡಗಿದಳು. ಅಷ್ಟರಲ್ಲೇ ನಾನು ತಿಳಿದುಕೊಂಡೆ. ಅತ್ತೆಗೂ ಮನಸ್ಸಿತ್ತು, ಎರಡೂ ಮನೆಯವರು ಸಕ್ಕರೆ ಹಂಚುವುದೊಂದೇ ಬಾಕಿ.

ಕೆಡಿಸಿದವರು ನನ್ನ ಗಂಡ. ಹುಡುಗ ಒಳ್ಳೆಯವನು ಎಂದಿದ್ದರೆ ಸಾಕಿತ್ತು. ಊಟಕ್ಕೆ ಕೂತಾಗ ಅಣ್ಣನನ್ನು ಚುಚ್ಚುವ ಹುಕಿಯಲ್ಲಿ, "ತಂಗೀನ ಮಹಾರಾಷ್ಟ್ರಕ್ಕ ಕೊಡೋಣು" ಎಂದುಬಿಟ್ಟರು.

ಭಾವನವರು ತುತ್ತು ತಾಟಿನಲ್ಲೇ ಬಿಟ್ಟರು. "ನನ್ನ ತಂಗೀನ ಪರರಾಜ್ಯಕ್ಕ ಕೊಡಂಗಿಲ್ಲ."

"ಯಾವುದೋ ಪರರಾಜ್ಯ? ನನ್ನ ತವರುಮನಿ?" ಎಂದರು ಅತ್ತೆ.

"ಹೋದ ವರ್ಷದ ತನಕ ತವರುಮನಿ ಇತ್ತವ್ವಾ. ಈಗ ಅದು ಬ್ಯಾರೆ ರಾಜ್ಯ."

"ಹಂಗಾದ್ರ ನಾ ಏನು ಪರದೇಶಿ ಆದೆ ಈಗ?"

ಭಾವನವರು ಹಟ ಬಿಡಲಿಲ್ಲ. ಅವರು ಹಟ ಹಿಡಿದಷ್ಟೂ ನನ್ನ ಗಂಡ ಮಹಾರಾಷ್ಟ್ರವನ್ನು ಎತ್ತಿ ಎತ್ತಿ ಆಡಿದರು. ಹುಡುಗನ ಮಾತು ಎಲ್ಲೋ ಹಿಂದೆ ಬಿತ್ತು. ಅತ್ತೆ ಮಾವನವರ ಹತ್ತಿರ ಹೋಗಿ, ನೀವಾದರೂ ಒಂದು ಮಾತು ಹೇಳಿ ಎಂದು ಅತ್ತರು. ಅವರು ಗುಂಡಿ ಹಾಕಿಕೊಳ್ಳುತ್ತ, "ನನ್ನ ಹುಕುಂ ಈಗ ಎಲ್ಲಿ ನಡೀತದ?" ಎಂದರು. ಆ ಮನೆಯಲ್ಲಿ ದೊರೆತನವೂ ಅಂದೇ ಮುಗಿಯಿತು.

ಅದೇ ಹೊತ್ತಿಗೆ ಹುಮನಾಬಾದಿನ ಒಂದು ಸರಕಾರಿ ಕಚೇರಿಗೆ ತುಮಕೂರು ಕಡೆಯ ಒಬ್ಬ ಅಧಿಕಾರಿ ಬಂದಿದ್ದರು. ನಮ್ಮವರೇ, ವಯಸ್ಸು ಚಿಕ್ಕದು, ಮದುವೆಯಾಗಿರಲಿಲ್ಲ. ಅವರ ಮಾತು ಕೇಳಿ ಭಾವನವರು ಕರಗಿಹೋಗಿದ್ದರು. "ಒಂದ ಒಂದು ಪರಭಾಷಾ ಶಬ್ದ ಇಲ್ಲ ಅವ್ವಾ, ಬೆಣ್ಣಿ ಹಂಗ ಕನ್ನಡ" ಎನ್ನುತ್ತಿದ್ದರು. ಅವರಿಗೆ ಬೇಕಾಗಿದ್ದದ್ದು ಮೈದುನನಲ್ಲ, ಒಂದು ವ್ಯಾಕರಣ.

ಅಧಿಕಾರಿ, ಅವರ ತಾಯಿ, ಸೋದರಮಾವ ಹೆಣ್ಣು ನೋಡಲು ಬಂದರು. ಅತ್ತೆ ಬಾಗಿಲಿಗೆ ಹೋಗಿ, "ಬರ್ರಿ, ಬರ್ರಿ. ಕೂಡ್ರಿ" ಎಂದರು.

ಅಧಿಕಾರಿಯ ಸೋದರಮಾವ ಕೈ ಮುಗಿದು, "ಬೇಡಮ್ಮ, ಬಸ್ ಸ್ಟ್ಯಾಂಡಲ್ಲಿ ಈಗ ತಾನೇ ಕುಡ್ಕೊಂಡ್ ಬಂದ್ವಿ" ಎಂದು ನಿಂತೇ ಇದ್ದರು.

ಅತ್ತೆ ಗಾಬರಿಯಾಗಿ ಒಳಗೆ ಬಂದು, "ಹಗಲಾಗ ಕುಡೀತಾರಂತ ಇವ್ರು!" ಎಂದು ನನ್ನ ಕಿವಿಯಲ್ಲಿ ಹೇಳಿದರು. ನಾನೇ ಕುರ್ಚಿ ತೋರಿಸುವಂತೆ ನನ್ನ ಗಂಡನಿಗೆ ಸನ್ನೆ ಮಾಡಬೇಕಾಯಿತು.

ನಾದಿನಿ ಬಂದು ಕೂತಳು. ಅಧಿಕಾರಿಯ ತಾಯಿ ಮೃದುವಾಗಿಯೇ ಕೇಳಿದರು, "ಏನೇನ್ ಅಡುಗೆ ಮಾಡಕ್ ಬರುತ್ತಮ್ಮಾ?"

"ಎಲ್ಲಾ ಬರ್ತದ್ರಿ. ರೊಟ್ಟಿ, ಬ್ಯಾಳಿ, ಪುಂಡಿಪಲ್ಯಾ, ಹುಗ್ಗಿ. ಪಾವಣ್ಯಾರು ಬಂದ್ರ ಜಲ್ದಿ ಜಲ್ದಿ ಹೋಳಗಿನೂ ಮಾಡ್ತೀನ್ರಿ."

"ಮುದ್ದೆ?"

"ಅಂದ್ರ ಏನ್ರಿ?"

ತಾಯಿ ಮಗನ ಕಡೆ ತಿರುಗಿದರು. "ಪಾಪ, ಲಕ್ಷಣವಾಗಿದಾಳೆ. ಆದ್ರೆ ಈ ಮಗೀಗೆ ಕನ್ನಡವೇ ಬರಲ್ವಲ್ಲೋ?"

ಅಷ್ಟು ದಿನ ಯಾರ ಮುಂದೆಯೂ ತಲೆ ತಗ್ಗಿಸದಿದ್ದ ಭಾವನವರು ಎದ್ದು ನಿಂತು, ಬಾಯಿಪಾಠ ಒಪ್ಪಿಸುವವರಂತೆ, "ಕಲಿಯುತ್ತಾಳೆ ತಾಯಿ. ನಾವೆಲ್ಲರೂ ಕಲಿಯುತ್ತಿದ್ದೇವೆ" ಎಂದರು. ಹುಟ್ಟಿದಾಗಿನಿಂದ ಆಡಿದ ಮಾತು ಕನ್ನಡವಲ್ಲ ಎಂದು ಕನ್ನಡದ ಹುಲಿಯೇ ಒಪ್ಪಿಕೊಂಡಿತು. ಕಟ್ಟೆಯ ಮೇಲಿದ್ದ ಮಾವನವರು ಜೋರಾಗಿ ಕೆಮ್ಮಿದರು. ಅವರಿಗೆ ಕೆಮ್ಮು ಇರಲಿಲ್ಲ.

ಮದುವೆ ನಿಶ್ಚಯವಾದ ಮೇಲೆ ನಾದಿನಿ ರೊಟ್ಟಿ ಬಡಿಯುತ್ತ ನನ್ನನ್ನು ಕೇಳಿದಳು, "ವೈನೀ, ಅಣ್ಣ ನನ್ನ ಲಗ್ನ ಮಾಡಾಕತ್ತಾನೋ, ರಾಜ್ಯ ಜೋಡಿಸಾಕತ್ತಾನೋ?"

ಕೇಳಿದವಳೇ ರೊಟ್ಟಿಯನ್ನು ಎಷ್ಟು ಜೋರಾಗಿ ಬಡಿದಳೆಂದರೆ ಅದು ಹರಿದೇ ಹೋಯಿತು. ಅಳಲಿಲ್ಲ. ಹರಿದ ಹಿಟ್ಟನ್ನು ಮತ್ತೆ ಮುದ್ದೆ ಕಟ್ಟಿ ನಾದತೊಡಗಿದಳು.

ಮದುವೆಯಾಯಿತು. ಸ್ವಲ್ಪ ದಿನಕ್ಕೆ ಅಧಿಕಾರಿ ಪ್ರಯತ್ನ ಮಾಡಿ ತುಮಕೂರು ಕಡೆಗೇ ವರ್ಗ ಮಾಡಿಸಿಕೊಂಡು ಹೋದರು. ಅಲ್ಲಿ ಅಕ್ಕಪಕ್ಕದವರು ಇವಳನ್ನು "ಹೈದ್ರಾಬಾದಮ್ಮ" ಎಂದು ಕರೆಯುತ್ತಿದ್ದರಂತೆ. ಒಬ್ಬರು, ನಿಮ್ಮದು ತೆಲುಗಾ ಎಂದರು. ಇನ್ನೊಬ್ಬರು, ಸಾಬರ ಭಾಷೆ ಇದ್ದಹಾಗಿದೆ ಎಂದರು. ತರಕಾರಿಯವಳು ಇವಳು ಬಾಯಿ ತೆರೆದರೆ ಸಾಕು, ಬೆಲೆಯನ್ನು ಕೈಬೆರಳಲ್ಲಿ ತೋರಿಸುತ್ತಿದ್ದಳು. ಗಂಡನಾದವನು ಕೆಟ್ಟವನಲ್ಲ. ಆದರೆ ಮೇಲಧಿಕಾರಿಗಳು ಮನೆಗೆ ಬರುವ ದಿನ, "ನೀನು ಒಳಗಿದ್ದು ಕಾಫಿ ಕಳಿಸು, ಮಾತಾಡಕ್ ಹೋಗ್ಬೇಡ" ಎನ್ನುತ್ತಿದ್ದ. ಮೊದಮೊದಲು ಅವರು ಬಂದಾಗ ಮಾತ್ರ ಸುಮ್ಮನಿದ್ದಳು. ಬರುಬರುತ್ತ ಯಾರೂ ಬರದಿದ್ದಾಗಲೂ ಸುಮ್ಮನಿರುವುದನ್ನು ಕಲಿತಳು.

ಭಾವನವರು ತಂಗಿಯನ್ನು ನೋಡುವ ನೆಪದಲ್ಲಿ ತಮ್ಮ ಕನ್ನಡದ ಕಾಶಿಗೆ ಒಮ್ಮೆ ಹೋಗಿಬಂದರು. ಹೊಸ ಪಂಚೆ, ಶಲ್ಯ, ಕಲಿತಿಟ್ಟುಕೊಂಡ ಪುಸ್ತಕದ ವಾಕ್ಯಗಳು. ಬಸ್ಸಿನಲ್ಲಿ ಏನೋ ಕೇಳಿದ್ದಕ್ಕೆ ಕಂಡಕ್ಟರ್ ಹಿಂದಿಯಲ್ಲಿ ಉತ್ತರ ಕೊಟ್ಟ. ಸಂಜೆ ಯಾರದೋ ಮನೆಯ ಜಗಲಿಯಲ್ಲಿ ಬೀಗರು ಇವರನ್ನು ಪರಿಚಯಿಸುತ್ತ, "ಹೈದರಾಬಾದ್ ಕಡೆಯವರು. ಆದ್ರೂ ಕನ್ನಡ ಚೆನ್ನಾಗಿ ಅರ್ಥ ಆಗುತ್ತೆ ಇವರಿಗೆ" ಎಂದು ಹೊಗಳಿದರಂತೆ. ಊರಿಗೆ ಮರಳಿದ ಮೇಲೆ ಭಾವನವರು ಇದನ್ನು ಯಾರಿಗೂ ಹೇಳಲಿಲ್ಲ. ಹೇಳಿದವಳು ನಾದಿನಿ, ಹೆರಿಗೆಗೆಂದು ಬಂದಾಗ. ನನ್ನ ಗಂಡ ಕೇಳಿ ಕೇಕೆ ಹಾಕಿ ನಕ್ಕರು. ಆದರೆ ಸೊಲ್ಲಾಪುರದ ಪೇಟೆಯಲ್ಲಿ ವ್ಯಾಪಾರಿಗಳು ಇವರ ಮರಾಠಿಯನ್ನು ಕಾನಡಿ ಮರಾಠಿ ಎಂದು ಅಣಕಿಸುತ್ತಿದ್ದದ್ದು ನನಗೆ ಗೊತ್ತಿತ್ತು. ನೆನಪಿಸಲಿಲ್ಲ. ಒಂದೇ ಮನೆಗೆ ಒಂದೇ ದಿನ ಎರಡು ಸೋಲು ಬೇಡವೆನಿಸಿತು.

ನಾದಿನಿಗೆ ಹೆಣ್ಣು ಮಗು. ತುಮಕೂರಿನ ಆ ಮನೆಯಲ್ಲಿ ನಾದಿನಿ ಬಾಯಿಬಿಟ್ಟು ಮಾತಾಡುತ್ತಿದ್ದದ್ದು ಆ ಮಗುವಿನ ಜೊತೆ ಮಾತ್ರ. ತೊಟ್ಟಿಲು ತೂಗುವಾಗ, ಎರೆಯುವಾಗ, ಉಣಿಸುವಾಗ ಅಷ್ಟು ದಿನ ನುಂಗಿಕೊಂಡದ್ದೆಲ್ಲವನ್ನೂ ಅದಕ್ಕೆ ಹೇಳುತ್ತಿದ್ದಳು. ಮಗುವಿಗೆ ಮಾತು ಬಂತು. ಅಜ್ಜಿ ಎದ್ದು ಹೊರಟರೆ ಅದು, "ಯಾಕ ಹೊಂಟಿ ಆಯೀ, ಕೂಡು" ಎಂದಿತು. ತಾತನನ್ನು, "ಏನ್ ಮಾಡಾಕತ್ತಿ?" ಎಂದು ವಿಚಾರಿಸಿತು. ಕಚೇರಿಯ ದೊಡ್ಡವರು ಬಂದಾಗ ಒಳಗಿಂದ ಓಡಿಬಂದು, "ಜಲ್ದಿ ಚಹಾ ಕುಡೀರಿ, ನಮ್ಮಪ್ಪಗ ತ್ರಾಸ ಆಗ್ತದ" ಎಂದಿತು. ತಾಯಿಯನ್ನು ಸುಮ್ಮನಿರಿಸಿದ್ದರು, ಮಗಳನ್ನು ಏನು ಮಾಡುವುದು? ನಾದಿನಿ ಒಳಗೆ ಕೂತು, ಮದುವೆಯಾದ ಮೇಲೆ ಮೊದಲ ಸಲ ಹೊಟ್ಟೆ ತುಂಬ ನಕ್ಕೆ ಎಂದು ನನಗೆ ಹೇಳಿದಳು.

ಎಪ್ಪತ್ತರ ದಶಕದ ಆರಂಭದಲ್ಲಿ ಅಧಿಕಾರಿ ಯಾರೋ ದೊಡ್ಡವರ ಮಾತಿಗೆ ಎದುರಾಡಿದರು. ಶಿಕ್ಷೆಯೆಂದು ಅವರನ್ನು ಮತ್ತೆ ಹುಮನಾಬಾದಿಗೆ ಎಸೆದರು. ಆಗ ನಮಗೆ ತಿಳಿಯಿತು, ನಾವು ಹಾಡಿಕೊಂಡು ಹಬ್ಬ ಮಾಡಿಕೊಂಡು ಸೇರಿದ್ದ ರಾಜ್ಯದ ಲೆಕ್ಕದಲ್ಲಿ ನಾವು ಒಂದು ಶಿಕ್ಷೆ. ತಪ್ಪು ಮಾಡಿದವರನ್ನೆಲ್ಲ ನಮ್ಮ ಕಡೆಗೆ ಕಳಿಸುತ್ತಿದ್ದರು. ತಪ್ಪು ಮಾಡದವರು ಹೇಗಿರುತ್ತಾರೆಂದು ನಾವು ನೋಡಲೇ ಇಲ್ಲ.

ಅಧಿಕಾರಿ ಮುಖ ಬಾಡಿಸಿಕೊಂಡು ಬಂದರು. ನಾದಿನಿ ಮಾತ್ರ ಬಸ್ಸಿನಿಂದ ಇಳಿಯುತ್ತಲೇ ಕುದುರೆ ಟಾಂಗಾದವನ ಜೊತೆ ಬಾಡಿಗೆಗಾಗಿ ಕನ್ನಡ, ಮರಾಠಿ, ಉರ್ದು ಮೂರರಲ್ಲೂ ಜಗಳ ತೆಗೆದಳು. ಅವಳ ದನಿ ಅಷ್ಟು ದೊಡ್ಡದೆಂದು ಗಂಡನಿಗೆ ಅಂದೇ ಗೊತ್ತಾದದ್ದು. ಹಳ್ಳಿಗಳಿಂದ ಬರುವ ರೈತರು ಹೇಳುವುದು ಅಧಿಕಾರಿಗೆ ಅರ್ಧಂಬರ್ಧ ತಿಳಿಯುತ್ತಿತ್ತು. ಸಂಜೆ ಮನೆಗೆ ಬಂದು, "ರಾಂಟಿ ಅಂದ್ರೇನೇ? ಬಾಜೂಕ ಅಂದ್ರೆ ಯಾವ ಕಡೆ?" ಎಂದು ಹೆಂಡತಿಯನ್ನು ಕೇಳುವರು. ರಾಂಟಿ ಎಂದರೆ ನೇಗಿಲು ಎಂದು ಇವಳು ಹೇಳಿಕೊಡುವಳು, ಹೇಳುವ ಮೊದಲು ಒಂದಷ್ಟು ಕಾಯಿಸುವಳು. ಕ್ರಮೇಣ ರೈತರು ಕಚೇರಿಗೆ ಹೋಗುವ ಮುನ್ನ ನೇರ ಇವಳ ಪಡಸಾಲೆಗೇ ಬರತೊಡಗಿದರು.

ನಾನು ತವರಿಗೆ ಹೋದಾಗಲೆಲ್ಲ ಅವಳ ಮನೆಗೆ ಹೋಗುತ್ತಿದ್ದೆ. ಒಮ್ಮೆ ಇಬ್ಬರೇ ಇದ್ದಾಗ ಉದಗೀರದ ಮಾಸ್ತರನ ಸುದ್ದಿ ತೆಗೆದೆ. ಅವನಿಗೆ ಮದುವೆಯಾಗಿ ಮಕ್ಕಳಾಗಿದ್ದರು, ಅಲ್ಲಿಯ ಮರಾಠಿ ಅಭಿಮಾನಿಗಳು ಮನೆಯ ಮಾತನ್ನೂ ಶುದ್ಧಿ ಮಾಡಿದ್ದರಿಂದ ಆ ಮಕ್ಕಳಿಗೆ ಕನ್ನಡದ ಒಂದು ಅಕ್ಷರವೂ ಬರುತ್ತಿರಲಿಲ್ಲ.

ನಾದಿನಿ ಒಲೆಯ ಮೇಲಿನ ಹಾಲು ಇಳಿಸಿದಳು. "ಅವನ ಮಾರಿ ಸರಿಯಾಗಿ ನೆನಪಿಲ್ಲ ವೈನೀ" ಎಂದಳು. "ಸಿಟ್ಟಷ್ಟ ನೆನಪದ."

ಭಾವನವರು ಬಂದರೆ ಅವಳು ತಪ್ಪದೆ ಹೋಳಿಗೆ ಮಾಡುತ್ತಿದ್ದಳು, ತುಪ್ಪ ಬಡಿಸುತ್ತಿದ್ದಳು. ಪಕ್ಕದಲ್ಲಿ ಮಾತ್ರ ಕೂಡುತ್ತಿರಲಿಲ್ಲ. ಅವರಿಗೆ ಅದು ತಿಳಿಯುತ್ತಿತ್ತು. ಉಂಡು, ಏನೋ ಹೇಳಲು ಬಾಯಿ ತೆರೆದು, ಎಲೆಯಡಿಕೆ ಹಾಕಿಕೊಂಡು ಬಾಯಿ ಮುಚ್ಚಿಕೊಳ್ಳುತ್ತಿದ್ದರು.

ಎಂಬತ್ತರ ದಶಕದಲ್ಲಿ ಕನ್ನಡದ ದೊಡ್ಡ ಅಲೆಯೊಂದು ಎದ್ದು ನಮ್ಮ ಕಡೆಗೂ ಬಂತು. ಅಧಿಕಾರಿ ಅಷ್ಟರಲ್ಲಿ ನಿವೃತ್ತರಾಗಿ ಹುಮನಾಬಾದಿನಲ್ಲೇ ಮನೆ ಕಟ್ಟಿಕೊಂಡಿದ್ದರು. ಒಂದು ಮಧ್ಯಾಹ್ನ ನಾನು ಅಲ್ಲಿರುವಾಗಲೇ ತರುಣರ ಗುಂಪೊಂದು ಬಂತು. ಊರಲ್ಲಿ ಹೋರಾಟ ಸಮಿತಿ ಮಾಡುತ್ತಾರಂತೆ.

"ನೀವ ಅಧ್ಯಕ್ಷರಾಗಬೇಕ್ರಿ ಸಾಹೇಬ್ರ. ನೀವು ಅಸಲಿ ಕನ್ನಡದವ್ರು" ಎಂದ ಮುಖಂಡ.

ಅಧಿಕಾರಿ ಕೈ ಜೋಡಿಸಿದರು. "ನನ್ನ ಬಿಟ್‌ಬಿಡ್ರಪ್ಪಾ. ಹೋದ ತಿಂಗಳ ನಮ್ಮ ಊರಿಗೆ ಮದುವೆಗೆ ಹೋಗಿದ್ದೆ. ನಾ ಮಾತಾಡಿದ್ ಕೇಳಿ ನಮ್ಮಣ್ಣನ ಮಕ್ಕಳು, ಚಿಕ್ಕಪ್ಪ ಕನ್ನಡ ಮರ್ತಿದ್ದಾರೆ ಅಂದ್ರು. ಏನಿದ್ರೂ ಈಕಿನ್ನ ಕೇಳ್ರಿ."

ನಾದಿನಿ ಚಹಾದ ತಟ್ಟೆ ಹಿಡಿದು ಬಂದಳು. ಎಲ್ಲರಿಗೂ ಕೊಟ್ಟು, ಮುಖಂಡನ ಎದುರಿಗೆ ನಿಂತಳು.

"ನಿನಗ ತಂಗ್ಯಾರು ಅದಾರೇನಪಾ?"

"ಒಬ್ಬಾಕಿ ಅದಾಳ್ರಿ ಅಕ್ಕೋರ."

"ಲಗ್ನ ಆಗ್ಯದೇನು?"

"ಇನ್ನಾ ಇಲ್ರಿ. ನೋಡಾಕತ್ತೇವ್ರಿ."

"ಹಂಗಾದ್ರ ಮೊದಲ ಮನಿಗಿ ಹೋಗಿ ಆಕಿ ಮನಸಿನ್ಯಾಗ ಏನದ ಕೇಳ್ಕೊಂಡು ಬಾ. ಆಮ್ಯಾಲ ನಾಡು ಕಟ್ಟೀಯಂತ."

ತರುಣರು ಒಬ್ಬರ ಮುಖ ಒಬ್ಬರು ನೋಡಿದರು. ಕನ್ನಡಕ್ಕೂ ತಂಗಿಗೂ ಏನು ಸಂಬಂಧವೆಂದು ಅವರಿಗೆ ಹೊಳೆಯಲಿಲ್ಲ. ಮರ್ಯಾದೆಗೆ ಚಹಾ ಮುಗಿಸಿ, ಅಕ್ಕೋರಿಗೆ ತಲೆ ಸರಿ ಇದ್ದಂತಿಲ್ಲ ಎಂದು ಗೇಟಿನಾಚೆ ಮಾತಾಡಿಕೊಳ್ಳುತ್ತ ಹೋದರು. ಅದೇ ವಾರ ಅವರಿಗೆ ಬೇರೊಬ್ಬ ಅಧ್ಯಕ್ಷರು ಸಿಕ್ಕರು. ಮಳೆಗೆ ಬರ ಇರಬಹುದು, ಅಧ್ಯಕ್ಷರಿಗೆ ನಮ್ಮ ಕಡೆ ಎಂದೂ ಬರ ಬಿದ್ದಿಲ್ಲ.